ಕಡಲೂರಿನ ಗಾಳಿಗೂ ಒಂದು ಪಂಚಾಂಗ

ಮಂಗಳೂರಿನ ಬಗ್ಗೆ ಘಟ್ಟದ ಮೇಲಿನವರಿಗೆ ದೂರು ಎರಡೇ. ಬೇಸಗೆಯಲ್ಲಿ ಸೆಖೆ, ಮಳೆಗಾಲದಲ್ಲಿ ಮಳೆ. ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸಲೆಂದು ಜೂನ್ ತಿಂಗಳಿನಲ್ಲಿ ಶಿರಾಡಿ ಘಾಟಿ ಇಳಿದು ಬರುವ ತಂದೆತಾಯಂದಿರಿಗೆ ಬಸ್ಸಿನಿಂದ ಕಾಲು ಕೆಳಗಿಡುವಾಗಲೇ ಎರಡೂ ಒಟ್ಟಿಗೆ ಎದುರಾಗುತ್ತವೆ. ಕೊಡೆ ಬಿಚ್ಚಿದರೆ ಬೆವರು, ಮಡಚಿದರೆ ಮಳೆ. ಹಾಸ್ಟೆಲಿನ ವಾರ್ಡನ್ ಬಳಿ ಅವರು ಕೇಳುವ ಪ್ರಶ್ನೆಗಳಲ್ಲಿ ಊಟದ್ದು ಮೊದಲನೆಯದಾದರೆ ಹವೆಯದ್ದು ಎರಡನೆಯದು. “ನಮ್ಮ ಹುಡುಗನಿಗೆ ಶೀತ ಬೇಗ ಹಿಡಿಯುತ್ತದೆ. ಇಲ್ಲಿಯ ಹವೆ ಒಗ್ಗೀತೇ?”

ಇದೇ ಪಾಲಕರು ಡಿಸೆಂಬರಿನಲ್ಲಿ ಮತ್ತೊಮ್ಮೆ ಬಂದಾಗ ಊರಿನ ಮುಖವೇ ಬೇರೆಯಾಗಿರುತ್ತದೆ. ತಣ್ಣನೆಯ ಬೆಳಗು, ತಿಳಿ ಆಕಾಶ, ಸಂಜೆ ಪಣಂಬೂರು ಕಡಲ ತೀರದಲ್ಲಿ ಜಾತ್ರೆಯಂಥ ಜನ. “ಈಗ ಹವೆ ಚೆನ್ನಾಗಿದೆ” ಎಂದು ಸಮಾಧಾನಪಟ್ಟುಕೊಂಡು ಅವರು ರಾತ್ರಿ ಬಸ್ಸು ಹತ್ತುತ್ತಾರೆ.

ಹವೆ ಚೆನ್ನಾಗಿರುವುದು ನಿಜ. ಆದರೆ ಗಾಳಿ? ಹಿತವಾದ ಹವೆ ಬೇರೆ, ಶುದ್ಧವಾದ ಗಾಳಿ ಬೇರೆ. ಈ ಊರಿನಲ್ಲಂತೂ ಅವೆರಡೂ ಬಹುಮಟ್ಟಿಗೆ ವಿರುದ್ಧ ದಿಕ್ಕಿನಲ್ಲಿ ನಡೆಯುತ್ತವೆ. ಮೈಗೆ ಕಿರಿಕಿರಿ ಎನಿಸುವ ತಿಂಗಳುಗಳಲ್ಲಿ ಹೊರಗಿನ ಗಾಳಿ ವರ್ಷದಲ್ಲೇ ಅತಿ ಶುಭ್ರ. ಮೈಗೆ ಹಿತವೆನಿಸುವ ತಿಂಗಳುಗಳಲ್ಲಿ ಶ್ವಾಸಕೋಶಕ್ಕೆ ಹೆಚ್ಚು ಕೆಲಸ. ಉಬ್ಬಸ, ಅಲರ್ಜಿ ಇರುವ ಮಕ್ಕಳ ಮನೆಯವರಿಗೆ ಈ ವ್ಯತ್ಯಾಸ ತಿಳಿದಿರುವುದು ತುಂಬಾ ಅಗತ್ಯ.

ಕಡಲಿಗೂ ಘಟ್ಟಕ್ಕೂ ನಡುವೆ

ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಕಡಲು ಸೇರುವ ಅಳಿವೆಯ ಬಳಿ ಬೆಳೆದ ಊರು ಮಂಗಳೂರು. ಪಶ್ಚಿಮಕ್ಕೆ ಅರಬ್ಬಿ ಸಮುದ್ರ. ಪೂರ್ವಕ್ಕೆ ಮುರಕಲ್ಲಿನ ಗುಡ್ಡಗಳು, ಅವುಗಳಾಚೆ ಪಶ್ಚಿಮ ಘಟ್ಟ. ಕಡಲಿನಿಂದ ಬರುವ ತೇವದ ಗಾಳಿ ಘಟ್ಟಕ್ಕೆ ತಾಗಿ ಮೇಲೇರಿ, ತಂಪಾಗಿ, ಮಳೆಯಾಗುತ್ತದೆ ಎಂಬುದನ್ನು ಶಾಲೆಯ ಭೂಗೋಳದಲ್ಲಿ ಎಲ್ಲರೂ ಓದಿರುತ್ತಾರೆ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 1,000 ಮಿಲಿಮೀಟರ್ ಮಳೆಯಾದರೆ ಮಂಗಳೂರಿಗೆ 3,500 ಮಿಲಿಮೀಟರಿಗೂ ಹೆಚ್ಚು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದು ಮುಗಿಯುತ್ತದೆ.

ಮಳೆಯಿಲ್ಲದ ದಿನಗಳಲ್ಲಿ ಊರಿನ ಗಾಳಿಯನ್ನು ಆಳುವುದು ಎರಡು ಗಾಳಿಗಳು. ಹಗಲು ನೆಲ ಬೇಗ ಕಾಯುತ್ತದೆ, ಕಡಲು ನಿಧಾನವಾಗಿ ಕಾಯುತ್ತದೆ. ನೆಲದ ಮೇಲಿನ ಬಿಸಿ ಗಾಳಿ ಮೇಲೆದ್ದಾಗ ಆ ಜಾಗವನ್ನು ತುಂಬಲು ಕಡಲಿನ ಕಡೆಯಿಂದ ತಂಪು ಗಾಳಿ ಬರುತ್ತದೆ. ಇದು ಕಡಲ ಗಾಳಿ. ರಾತ್ರಿ ನೆಲ ಬೇಗ ತಣಿಯುತ್ತದೆ, ನೀರಿನಲ್ಲಿ ಬಿಸಿ ಉಳಿದಿರುತ್ತದೆ. ಆಗ ಗಾಳಿ ನೆಲದಿಂದ ಕಡಲಿನತ್ತ ಹೊರಡುತ್ತದೆ. ಇದು ನೆಲದ ಗಾಳಿ. ಹಾಯಿ ದೋಣಿಗಳ ಕಾಲದಲ್ಲಿ ಮೀನುಗಾರರು ನಸುಕಿನ ನೆಲದ ಗಾಳಿ ಹಿಡಿದು ಕಡಲಿಗಿಳಿದು, ಮಧ್ಯಾಹ್ನದ ಕಡಲ ಗಾಳಿ ಹಿಡಿದು ದಡಕ್ಕೆ ಮರಳುತ್ತಿದ್ದರು.

ಈ ಎರಡು ಗಾಳಿಗಳ ಬಲದ ಮೇಲೆ ಊರಿನಲ್ಲಿ ಒಂದು ನಂಬಿಕೆ ಬೆಳೆದುಬಂದಿದೆ. ಕಡಲು ಪಕ್ಕದಲ್ಲೇ ಇರುವಾಗ ಹೊಗೆ, ಧೂಳು ಎಲ್ಲವನ್ನೂ ಅದೇ ಒಯ್ಯುತ್ತದೆ ಎಂಬುದೇ ಆ ನಂಬಿಕೆ. ಅದು ಎಷ್ಟು ನಿಜ ಎಂಬುದು ಯಾವ ತಿಂಗಳಿನ ಮಾತು ಎಂಬುದನ್ನು ಅವಲಂಬಿಸಿದೆ.

ಆಟಿಯ ಮಳೆ, ಮುಚ್ಚಿದ ಕಿಟಕಿ

ತುಳುನಾಡಿನ ಪಂಚಾಂಗದಲ್ಲಿ ಮೇ ತಿಂಗಳ ಕೊನೆಯ ವಾರ ಬರುವ ಪತ್ತನಾಜೆ ಒಂದು ಗಡಿಗಲ್ಲು. ಯಕ್ಷಗಾನ ಮೇಳಗಳು ಅಂದು ಗೆಜ್ಜೆ ಬಿಚ್ಚುತ್ತವೆ, ಭೂತಕೋಲಗಳು ಮುಗಿಯುತ್ತವೆ. ಇನ್ನು ಮಳೆಯ ಕಾಲ ಎಂದು ಊರು ಒಪ್ಪಿಕೊಳ್ಳುವ ದಿನ ಅದು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳು ಹಳೆಯ ಕಾಲದಲ್ಲಿ ಕಷ್ಟದ ತಿಂಗಳೆಂದೇ ಹೆಸರಾಗಿತ್ತು. ಗದ್ದೆಯ ಕೆಲಸವಿಲ್ಲ, ಮನೆಯಲ್ಲಿ ಅಕ್ಕಿ ಕಡಿಮೆ, ಹೊರಗೆ ಎಡೆಬಿಡದ ಮಳೆ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಪಾಲೆ ಮರದ ತೊಗಟೆಯ ಕಹಿ ಕಷಾಯ ಕುಡಿಯುವ ಪದ್ಧತಿ ಇಂದಿಗೂ ಉಳಿದಿದೆ. ರೋಗದ ತಿಂಗಳು ಎಂಬ ಎಚ್ಚರಿಕೆ ಅದರ ಹಿಂದಿದೆ.

ಆದರೆ ಹೊರಗಿನ ಗಾಳಿಯ ಮಟ್ಟಿಗೆ ಹೇಳುವುದಾದರೆ ಆಟಿಯಷ್ಟು ಒಳ್ಳೆಯ ತಿಂಗಳು ಬೇರೆ ಇಲ್ಲ. ಬೀಳುವ ಹನಿಗಳು ಗಾಳಿಯಲ್ಲಿ ತೇಲುವ ಕಣಗಳನ್ನು ಹಿಡಿದುಕೊಂಡು ನೆಲಕ್ಕೆ ತರುತ್ತವೆ. ರಸ್ತೆಯ ಧೂಳು ಒದ್ದೆಯಾಗಿ ಕೂತುಬಿಡುತ್ತದೆ. ಸಾವಿರಾರು ಮೈಲಿ ಕಡಲಿನ ಮೇಲೆಯೇ ಬೀಸಿ ಬಂದ ನೈರುತ್ಯ ಮಾರುತದಲ್ಲಿ ಉಪ್ಪಿನ ಸೂಕ್ಷ್ಮ ಕಣಗಳಿದ್ದಾವು, ಹೊಗೆ ಬಹಳ ಕಡಿಮೆ. ಒಂದು ವಾರ ಮಳೆ ಬಿಡುವು ಕೊಟ್ಟರೆ ಮಾತ್ರ ಕೆಸರು ಒಣಗಿ ಪುಡಿಯಾಗಿ, ಬಸ್ಸುಗಳ ಹಿಂದೆ ಕೆಂಪು ಮೋಡ ಏಳುತ್ತದೆ.

ಹಾಗಾದರೆ ಮಳೆಗಾಲದಲ್ಲಿ ಮಕ್ಕಳಿಗೆ ಕೆಮ್ಮು, ಉಬ್ಬಸ ಏಕೆ? ಶೀತಜ್ವರದ ವೈರಸ್ಸುಗಳ ಪಾಲು ಅದರಲ್ಲಿದೆ. ಉಳಿದ ಉತ್ತರ ಬಹುಮಟ್ಟಿಗೆ ಮನೆಯ ಒಳಗೇ ಇದೆ. ಹಳೆಯ ಹೆಂಚಿನ ಮನೆಗಳಲ್ಲಿ ಸೂರು ಎತ್ತರವಾಗಿತ್ತು; ಒಲೆಯ ಹೊಗೆ ಹೆಂಚುಗಳ ಸಂದಿಯಿಂದ ಮೇಲೆ ಹೋಗುತ್ತಿತ್ತು, ಹೊರಗಿನ ಗಾಳಿ ಒಳಗೆ ಬರುತ್ತಿತ್ತು. ಬಾಸೆಲ್ ಮಿಶನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಸೂರು ಊರೂರಿಗೆ ಹಬ್ಬಿತು. ಈಗಿನ ಕಾಂಕ್ರೀಟ್ ಕೋಣೆಗಳಲ್ಲಿ ಸೂರು ತಗ್ಗು, ಸಂದಿಯಿಲ್ಲ. ಇರಚಲು ಬರುತ್ತದೆಂದು ಕಿಟಕಿ ಮುಚ್ಚಿದರೆ ಕೋಣೆ ಡಬ್ಬಿಯಂತೆಯೇ. ಒಳಗೇ ಒಣಹಾಕಿದ ಬಟ್ಟೆಯ ತೇವ, ಗೋಡೆಯ ಮೂಲೆಯಲ್ಲಿ ಬೂಷ್ಟು. ಕಪಾಟಿನಲ್ಲಿಟ್ಟ ಬೆಲ್ಟು, ಚಪ್ಪಲಿಗಳ ಮೇಲೆ ಹದಿನೈದು ದಿನಕ್ಕೆ ಬಿಳಿಯ ಪೊರೆ. ಅಲರ್ಜಿ ಇರುವವರಿಗೆ ಈ ಬೂಷ್ಟಿನ ಕಣಗಳು ಉಬ್ಬಸವನ್ನು ಕೆದಕುತ್ತವೆ.

ಅದರ ಮೇಲೆ ಸೊಳ್ಳೆ ಬತ್ತಿ. ಮಲೇರಿಯಾದ ಹೆದರಿಕೆ ಇರುವ ಈ ಊರಿನಲ್ಲಿ ಹಾಸ್ಟೆಲು, ಬಾಡಿಗೆ ಕೋಣೆಗಳಲ್ಲಿ ರಾತ್ರಿಯಿಡೀ ಹೊಗೆಬತ್ತಿ ಉರಿಯುವುದು ಸಾಮಾನ್ಯ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಒಂದು ಬತ್ತಿ ಪೂರ್ತಿ ಉರಿದಾಗ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳು ಉರಿದಾಗ ಬರುವಷ್ಟು. ಸಿಗರೇಟು ಮುಟ್ಟಬಾರದೆಂದು ಮಗನಿಂದ ಮಾತು ಪಡೆದು ಹೋಗುವ ತಂದೆ, ಹೋಗುವ ಮುನ್ನ ಅವನ ಪೆಟ್ಟಿಗೆಯಲ್ಲಿ ಒಂದು ಸೊಳ್ಳೆ ಪರದೆ ಇಟ್ಟರೆ ಎರಡೂ ಕೆಲಸವಾದಂತೆ.

ಬೆಳಗಿನ ಮುಚ್ಚಳ

ಅಕ್ಟೋಬರಿನಲ್ಲಿ ಮಳೆ ಹಿಂದೆ ಸರಿಯುತ್ತದೆ. ಹಿಂಗಾರಿನ ಗುಡುಗು ಮಳೆಯೂ ಮುಗಿದ ಮೇಲೆ ನವೆಂಬರ್ ಕೊನೆಯಿಂದ ಫೆಬ್ರುವರಿಯವರೆಗೆ ಊರಿಗೆ ಒಣ ದಿನಗಳು. ಮೇಳಗಳು ಮತ್ತೆ ತಿರುಗಾಟಕ್ಕೆ ಹೊರಡುತ್ತವೆ, ಜಾತ್ರೆಗಳು ಶುರುವಾಗುತ್ತವೆ, ಶಾಲೆಗಳಲ್ಲಿ ಕ್ರೀಡಾಕೂಟ ಮತ್ತು ವಾರ್ಷಿಕೋತ್ಸವ. ರಾತ್ರಿಯ ಉಷ್ಣತೆ ಹೆಚ್ಚೆಂದರೆ 20 ಡಿಗ್ರಿಯ ಆಸುಪಾಸಿಗೆ ಇಳಿದೀತು. ಅಷ್ಟಕ್ಕೇ ಮಂಗಳೂರಿಗರು ಚಳಿ ಎಂದು ಹೊದಿಕೆ ಹುಡುಕುತ್ತಾರೆ.

ಗಾಳಿಯ ಲೆಕ್ಕ ತಲೆಕೆಳಗಾಗುವುದು ಇಲ್ಲಿಯೇ. ಸಾಮಾನ್ಯವಾಗಿ ಮೇಲಕ್ಕೆ ಹೋದಂತೆ ಗಾಳಿ ತಂಪಾಗುತ್ತದೆ. ಕೆಳಗಿನ ಬಿಸಿ ಗಾಳಿ ಹೊಗೆಯನ್ನೂ ಎತ್ತಿಕೊಂಡು ಮೇಲೇರುತ್ತದೆ. ಮೋಡವಿಲ್ಲದ ಚಳಿಯ ರಾತ್ರಿಗಳಲ್ಲಿ ನೆಲ ಬೇಗ ತಣಿದು, ಅದಕ್ಕೆ ತಾಗಿಕೊಂಡ ಗಾಳಿ ಮೇಲಿನ ಗಾಳಿಗಿಂತ ತಂಪಾಗಿಬಿಡುತ್ತದೆ. ತಂಪು ಗಾಳಿ ಭಾರ, ಅದು ಏಳುವುದಿಲ್ಲ. ಸ್ನಾನದ ಹಂಡೆಗೆ ಮುಚ್ಚಳ ಹಾಕಿದಂತೆ, ಊರಿನ ಹೊಗೆಯೆಲ್ಲ ನೆಲದ ಹತ್ತಿರವೇ ನಿಲ್ಲುತ್ತದೆ. ಬಿಸಿಲೇರಿ ನೆಲ ಕಾದು, ಕಡಲ ಗಾಳಿ ಎದ್ದ ಮೇಲೆಯೇ ಮುಚ್ಚಳ ತೆರೆಯುವುದು. ಚಳಿಗಾಲದಲ್ಲಿ ಅದಕ್ಕೆ ಹನ್ನೊಂದು, ಹನ್ನೆರಡು ಗಂಟೆಯೂ ಆಗುವುದುಂಟು.

ಹೊಗೆ ಬರುವುದಾದರೂ ಎಲ್ಲಿಂದ? ಹೆದ್ದಾರಿಯ ಲಾರಿಗಳು, ಊರೊಳಗಿನ ಬಸ್ಸು, ರಿಕ್ಷಾ, ಕಾರುಗಳು. ರಸ್ತೆ ಅಗಲ ಮಾಡಲು, ಮನೆ ಕಟ್ಟಲು ಅಗೆದ ಮುರಕಲ್ಲಿನ ಧೂಳು. ಹಿತ್ತಿಲಿನಲ್ಲಿ ಗುಡಿಸಿ ರಾಶಿ ಹಾಕಿ ಬೆಂಕಿ ಕೊಟ್ಟ ತರಗೆಲೆ. ತರಗೆಲೆ ಮತ್ತು ಮಣ್ಣು ಸೇರಿಸಿ ಸುಟ್ಟು ಸುಡುಮಣ್ಣು ಮಾಡಿ ಗಿಡಗಳಿಗೆ ಹಾಕುವುದು ಈ ನಾಡಿನ ಹಳೆಯ ಕೃಷಿಕ್ರಮ. ಈಗ ಆ ರಾಶಿಯಲ್ಲಿ ಎಲೆಯ ಜೊತೆ ಪ್ಲಾಸ್ಟಿಕ್ ತೊಟ್ಟೆಯೂ ಇರುತ್ತದೆ, ಹೊಗೆಯ ಗುಣವೇ ಬದಲಾಗಿದೆ. ಊರಿನ ಕಸ ಸೇರುವ ಪಚ್ಚನಾಡಿಯಲ್ಲಿ 2019ರ ಆಗಸ್ಟಿನ ಮಳೆಗೆ ಕಸದ ಗುಡ್ಡವೇ ಜರಿದು ಕೆಳಗಿನ ಮಂದಾರದ ಮನೆ, ತೋಟಗಳ ಮೇಲೆ ಬಂತು. ಅದೇ ಪಚ್ಚನಾಡಿಯ ಕಸಕ್ಕೆ 2023ರ ಜನವರಿಯಲ್ಲಿ ಬೆಂಕಿ ಬಿತ್ತು. ಒಂದೇ ರಾಶಿ ಮಳೆಗಾಲದಲ್ಲಿ ನೀರಿನ ಸಮಸ್ಯೆ, ಚಳಿಗಾಲದಲ್ಲಿ ಗಾಳಿಯ ಸಮಸ್ಯೆ.

ಕಡಲು ಒಯ್ಯುತ್ತದೆ ಎಂಬ ನಂಬಿಕೆಯ ದುರ್ಬಲ ಜಾಗವೂ ಇದೇ ಋತು. ರಾತ್ರಿಯ ನೆಲದ ಗಾಳಿ ಊರಿನ ಹೊಗೆಯಲ್ಲಿ ಒಂದಿಷ್ಟನ್ನು ಕಡಲಿನ ಮೇಲಕ್ಕೆ ಸಾಗಿಸುವುದು ನಿಜ. ಆದರೆ ಆ ಗಾಳಿ ಮಂದ. ಬಹಳ ದೂರ ಹೋಗುವುದಿಲ್ಲ. ಮರುದಿನ ಕಡಲ ಗಾಳಿ ಎದ್ದಾಗ ಅದರಲ್ಲಿ ಸ್ವಲ್ಪ ಪಾಲು ದಡಕ್ಕೆ ಮರಳುತ್ತದೆ. ಅಳಿವೆಯ ನೀರು ಇಳಿತದಲ್ಲಿ ಹೊರಗೆ ಹೋಗಿ ಭರತದಲ್ಲಿ ಒಳಗೆ ಬಂದಂತೆ ಇದು. ಹೊರಗೆ ಹಾಕಿದ್ದು ಹೋಯಿತು ಎಂದುಕೊಳ್ಳುವಂತಿಲ್ಲ.

ಫೆಬ್ರುವರಿ, ಮಾರ್ಚ್ ಬಂದಾಗ ಇನ್ನೊಂದು ವಿಚಿತ್ರ. ಮಂಗಳೂರಿನಲ್ಲಿ ಅತಿ ಬಿಸಿಯ ಹಗಲುಗಳು ಮೇ ತಿಂಗಳಲ್ಲೇ ಬರಬೇಕೆಂದಿಲ್ಲ. ಕೆಲವು ದಿನ ಘಟ್ಟದ ಕಡೆಯಿಂದ ಬೀಸುವ ಮೂಡಣ ಗಾಳಿ ಇಳಿಜಾರಿನಲ್ಲಿ ಇಳಿಯುತ್ತಾ ಬಿಸಿಯಾಗಿ, ಒಣಗಿ ಬರುತ್ತದೆ. ಕಡಲ ಗಾಳಿಯನ್ನು ಅದು ತಡೆದು ನಿಲ್ಲಿಸಿದ ಹೊತ್ತಿನಲ್ಲಿ ಪಾದರಸ 37 ಡಿಗ್ರಿಯನ್ನೂ ಮುಟ್ಟುವುದುಂಟು. ಏಪ್ರಿಲ್, ಮೇಯಲ್ಲಿ ಕಡಲ ಗಾಳಿ ಬೇಗ ಏಳುತ್ತದೆ, ಜೋರಾಗಿ ಬೀಸುತ್ತದೆ. ಸೆಖೆಯಿಂದ ಜನ ಬೇಯುತ್ತಾರೆ, ಹೊಗೆ ಮಾತ್ರ ಚೆನ್ನಾಗಿ ಚದುರುತ್ತದೆ.

ಹೊಗೆಗೂ ಒಂದು ದಿಕ್ಕು

ಊರು ಒಂದೇ ಆದರೂ ಎಲ್ಲರಿಗೂ ಸಿಗುವ ಗಾಳಿ ಒಂದೇ ಅಲ್ಲ. ಹೆದ್ದಾರಿಯಲ್ಲಿ ಉತ್ತರಕ್ಕೆ ಹೊರಟರೆ ಕೂಳೂರು ಸೇತುವೆ ದಾಟಿದ ಮೇಲೆ ಊರಿನ ಕೈಗಾರಿಕಾ ಮುಖ ಕಾಣಿಸುತ್ತದೆ. ನವಮಂಗಳೂರು ಬಂದರು 1975ರ ಜನವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾಯಿತು. ಮರುವರ್ಷ ಪಕ್ಕದಲ್ಲೇ ರಸಗೊಬ್ಬರ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಬಳಿಕ ಬೈಕಂಪಾಡಿ ಕೈಗಾರಿಕಾ ಪ್ರದೇಶ ಬೆಳೆಯಿತು. 1996ರಲ್ಲಿ ತೈಲ ಶುದ್ಧೀಕರಣ ಕಾರ್ಖಾನೆ ಕೆಲಸಕ್ಕೆ ತೊಡಗಿತು. ಅದಿರು, ಕಲ್ಲಿದ್ದಲು, ತೈಲ, ಗೊಬ್ಬರ ಎಲ್ಲವೂ ಈ ದಾರಿಯಲ್ಲೇ. ಊರಿನ ಅನ್ನಕ್ಕೆ ಇವುಗಳ ಪಾಲು ದೊಡ್ಡದು. ಇಲ್ಲಿ ಕೆಲಸ ಮಾಡಿ ಮಕ್ಕಳನ್ನು ಓದಿಸಿದ ಕುಟುಂಬಗಳು ಸಾವಿರಾರು.

ಬಂದರಿಗಾಗಿ ನೆಲ ಬಿಟ್ಟುಕೊಟ್ಟವರಿಗೆ ಹತ್ತಿರದ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಬಡಾವಣೆ ಮಾಡಿಕೊಟ್ಟರು. ಭೂಪಟವನ್ನು ಮುಂದಿಟ್ಟುಕೊಂಡು ನೋಡಿದರೆ ಗಾಳಿಯ ಪಾಠ ಸ್ಪಷ್ಟವಾಗುತ್ತದೆ. ಕರಾವಳಿಯಲ್ಲಿ ಕಡಲಂಚಿನ ಚಿಮಣಿಯ ಹೊಗೆ ಹಗಲು ಹೋಗುವುದು ಒಳನಾಡಿನತ್ತ. ಒಳಗಿರುವ ಚಿಮಣಿಯ ಹೊಗೆ ರಾತ್ರಿ ಬರುವುದು ಕಡಲಿನತ್ತ. ನಡುವೆ ಮನೆ ಇರುವವರಿಗೆ ಗಾಳಿ ಯಾವ ಕಡೆ ತಿರುಗಿದರೂ ಏನಾದರೊಂದು ಪಾಲು ಬಂದೇ ಬರುತ್ತದೆ. ಇನ್ನು ಮುಂದೆ ಶಾಲೆ, ಆಸ್ಪತ್ರೆ, ವಸತಿಗಳಿಗೆ ಜಾಗ ಆರಿಸುವಾಗ ನೀರು, ರಸ್ತೆಗಳ ಜೊತೆಗೆ ಹಗಲಿನ ಗಾಳಿ ಎಲ್ಲಿಂದ, ರಾತ್ರಿಯದು ಎಲ್ಲಿಂದ ಎಂದೂ ಕೇಳುವುದು ಒಳಿತು.

ಪಾಸಾದರೆ ಸಾಕೇ?

ಗಾಳಿಯನ್ನು ಅಳೆಯುವ ಕೆಲಸ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. ಕದ್ರಿಯಲ್ಲಿ ಅದರ ಸ್ವಯಂಚಾಲಿತ ಮಾಪನ ಕೇಂದ್ರವಿದೆ. ಅಲ್ಲಿ ಅಳೆಯುವ ಮುಖ್ಯ ವಸ್ತು ಕಣಗಳು: 10 ಮೈಕ್ರಾನ್ ಮತ್ತು ಅದಕ್ಕಿಂತ ಚಿಕ್ಕವು, 2.5 ಮೈಕ್ರಾನ್ ಮತ್ತು ಅದಕ್ಕಿಂತ ಚಿಕ್ಕವು. ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್ ಎಂದರೆ ಇವು ಎಷ್ಟು ಸಣ್ಣವೆಂದು ಅಂದಾಜಾದೀತು. ದೊಡ್ಡ ಧೂಳನ್ನು ಮೂಗು ತಡೆಯುತ್ತದೆ, 2.5ರ ಕಣ ಶ್ವಾಸಕೋಶದ ಆಳಕ್ಕೇ ಇಳಿಯುತ್ತದೆ.

ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ, ಐದು ವರ್ಷ ಸತತವಾಗಿ ಮಿತಿ ಮೀರಿದ ನಗರಗಳ ಪಟ್ಟಿ ಮಾಡಲಾಯಿತು. ಕರ್ನಾಟಕದಿಂದ ಅದರಲ್ಲಿ ಬಂದವು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ. ಮಂಗಳೂರಿನ ಹೆಸರು ಅದರಲ್ಲಿಲ್ಲ. ಊರಿಗೆ ಇದು ನೆಮ್ಮದಿಯ ಸಂಗತಿಯೇ. ಆದರೆ ಅಂಕಪಟ್ಟಿ ಓದಲು ಬರುವ ವಿದ್ಯಾರ್ಥಿಗಳು ಇಲ್ಲಿ ಎರಡು ಪ್ರಶ್ನೆ ಕೇಳಬಹುದು.

ಮೊದಲನೆಯದು, ಪಾಸಾಗಲು ಎಷ್ಟು ಬೇಕು? ಭಾರತದ ಮಾನದಂಡದಲ್ಲಿ 2.5 ಮೈಕ್ರಾನಿನ ಕಣಗಳ ವಾರ್ಷಿಕ ಸರಾಸರಿ ಒಂದು ಘನ ಮೀಟರ್ ಗಾಳಿಗೆ 40 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 5. ಮೂವತ್ತೈದು ಅಂಕ ಬಂದವನೂ ಪಾಸು, ತೊಂಬತ್ತೈದು ಬಂದವನೂ ಪಾಸು ಎಂಬಂಥ ಅಂತರ ಇದು.

ಎರಡನೆಯದು, ಸರಾಸರಿಯಲ್ಲಿ ಏನು ಅಡಗಿದೆ? ಕನ್ನಡದಲ್ಲಿ ತೊಂಬತ್ತು, ಗಣಿತದಲ್ಲಿ ಇಪ್ಪತ್ತು ತೆಗೆದ ಹುಡುಗನ ಸರಾಸರಿ ಐವತ್ತೈದು. ಮನೆಯಲ್ಲಿ ಅದನ್ನಷ್ಟೇ ಹೇಳಿದರೆ ಗಣಿತದ ಕಥೆ ಹೊರಬೀಳುವುದಿಲ್ಲ. ಕಡಲೂರಿನ ವಾರ್ಷಿಕ ಸರಾಸರಿಯೂ ಹಾಗೆಯೇ. ನಾಲ್ಕು ತಿಂಗಳ ತೊಳೆದ ಗಾಳಿ ಒಟ್ಟು ಅಂಕಿಯನ್ನು ಕೆಳಗಿಳಿಸುತ್ತದೆ; ಡಿಸೆಂಬರ್, ಜನವರಿಗಳ ಅಂಕ ಅದರಡಿಯಲ್ಲಿ ಮುಚ್ಚಿಹೋಗುತ್ತದೆ. ದಿನದ ಸೂಚ್ಯಂಕ ಕೂಡ ಬಹುಪಾಲು 24 ಗಂಟೆಗಳ ಸರಾಸರಿಯನ್ನೇ ಆಧರಿಸಿದ್ದು. ಮಧ್ಯಾಹ್ನದ ಕಡಲ ಗಾಳಿ ಬೆಳಗಿನ ಏಳು ಗಂಟೆಯ ಲೆಕ್ಕವನ್ನು ಹಗುರ ಮಾಡಿಬಿಡುತ್ತದೆ. ಮಕ್ಕಳು ಬ್ಯಾಗು ಹೊತ್ತು ಬಸ್ಸು ಕಾಯುವುದು ಏಳು ಗಂಟೆಗೇ.

ವಿದ್ಯಾರ್ಥಿಗಳ ಪಂಚಾಂಗ

ಗಾಳಿಯ ಪಂಚಾಂಗವನ್ನು ಶಾಲೆಯಲ್ಲೇ ಬರೆಯಬಹುದು. ದೊಡ್ಡ ಸಲಕರಣೆ ಬೇಡ. ಒಂದು ಬಿಳಿಯ ರಟ್ಟಿಗೆ ತೆಳುವಾಗಿ ವ್ಯಾಸಲೀನ್ ಸವರಿ, ಮಳೆ ತಾಗದಂತೆ ಕಿಟಕಿಯ ಹೊರಗೆ ಒಂದು ದಿನ ತೂಗುಹಾಕಬೇಕು. ಮರುದಿನ ಭೂತಗನ್ನಡಿಯಲ್ಲಿ ಒಂದು ಚದರ ಸೆಂಟಿಮೀಟರಿನಲ್ಲಿ ಎಷ್ಟು ಕಣ ಅಂಟಿದೆ ಎಂದು ಎಣಿಸಿ ಬರೆದಿಡಬೇಕು. ಜುಲೈಯಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ. ರಸ್ತೆಯ ಬದಿಯದೊಂದು, ಹಿತ್ತಿಲಿನದೊಂದು. ಇದರಲ್ಲಿ ಸಿಗುವುದು ದೊಡ್ಡ ಧೂಳು ಮಾತ್ರ, ಆಳಕ್ಕಿಳಿಯುವ ಕಣಗಳಲ್ಲ. ಆದರೂ ಋತುವಿನ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಜೊತೆಗೆ ದಿನಕ್ಕೆ ಮೂರು ಹೊತ್ತು ಗಾಳಿಯ ದಿಕ್ಕನ್ನು ಧ್ವಜದ ಬಟ್ಟೆಯಿಂದಲೋ ಊದುಬತ್ತಿಯ ಹೊಗೆಯಿಂದಲೋ ಗುರುತಿಸಬಹುದು. ಕೇಂದ್ರ ಮಂಡಳಿಯ ‘ಸಮೀರ್’ ಎಂಬ ಮೊಬೈಲ್ ಆ್ಯಪ್‌ನಲ್ಲಿ ಸಿಗುವ ಸೂಚ್ಯಂಕವನ್ನು ಪಕ್ಕದಲ್ಲಿ ಬರೆದರೆ ಒಂದು ವರ್ಷದಲ್ಲಿ ಸೊಗಸಾದ ದಾಖಲೆ ಸಿದ್ಧವಾಗುತ್ತದೆ. ಸೂಚ್ಯಂಕ 50ರ ಒಳಗಿದ್ದರೆ ಉತ್ತಮ, 100ರವರೆಗೆ ತೃಪ್ತಿಕರ, ಅದರ ಮೇಲೆ 200ರವರೆಗೆ ಮಧ್ಯಮ. ಉಬ್ಬಸ ಇರುವವರಿಗೆ ಈ ಮಧ್ಯಮವೂ ತೊಂದರೆ ಕೊಡಬಹುದು.

ಪಾಲಕರು ಮಾಡಬಹುದಾದದ್ದು ಸರಳ. ಮಳೆಗಾಲದಲ್ಲಿ ಹೊರಗಿನ ಗಾಳಿಗೆ ಹೆದರಬೇಕಿಲ್ಲ. ಮಳೆ ಬಿಟ್ಟ ಹೊತ್ತಿನಲ್ಲಿ ಕಿಟಕಿಗಳನ್ನು ತೆರೆದಿಡುವುದು, ಗೋಡೆಯ ಬೂಷ್ಟು ಒರೆಸುವುದು, ಹೊಗೆಬತ್ತಿಗೆ ಬದಲು ಪರದೆ ಕಟ್ಟುವುದು. ಚಳಿಯ ದಿನ ಉಬ್ಬಸದ ಮಕ್ಕಳು ನಸುಕಿನಲ್ಲಿ ಹೆದ್ದಾರಿಯ ಬದಿಯಲ್ಲಿ ಓಡುವುದನ್ನು ತಪ್ಪಿಸುವುದು, ಹಿತ್ತಿಲಿನ ತರಗೆಲೆಯನ್ನು ಸುಡದೆ ಗುಂಡಿಯಲ್ಲಿ ಹಾಕಿ ಗೊಬ್ಬರ ಮಾಡುವುದು. ವೈದ್ಯರು ಕೊಟ್ಟ ಇನ್‌ಹೇಲರನ್ನು ಹವೆ ಚೆನ್ನಾಗಿದೆಯೆಂದು ತಾವಾಗಿ ನಿಲ್ಲಿಸದಿರುವುದು ಎಲ್ಲಕ್ಕಿಂತ ಮುಖ್ಯ. ನಿಲ್ಲಿಸುವ ಮನಸ್ಸಾಗುವುದು ಸಾಮಾನ್ಯವಾಗಿ ಡಿಸೆಂಬರಿನಲ್ಲೇ.

ಶಾಲೆಗಳೂ ಒಂದು ಸಣ್ಣ ಬದಲಾವಣೆ ಮಾಡಬಹುದು. ಕ್ರೀಡಾಕೂಟದ ಓಟದ ಅಭ್ಯಾಸ ಎಲ್ಲ ಕಡೆ ಬೆಳಗಿನ ಆರೂವರೆಗೆ. ಬಯಲುಸೀಮೆಯ ಬಿಸಿಲಿಗೆ ಅದು ಸರಿಯಾದ ಹೊತ್ತು. ಕಡಲೂರಿನ ಡಿಸೆಂಬರಿಗೆ ಅದಕ್ಕಿಂತ ಒಳ್ಳೆಯದು ಸಂಜೆ ನಾಲ್ಕೂವರೆ. ಆಗ ಬಿಸಿಲು ಇಳಿದಿರುತ್ತದೆ, ಬೆಳಗಿನ ಮುಚ್ಚಳ ತೆರೆದು ಬಹಳ ಹೊತ್ತಾಗಿರುತ್ತದೆ, ಮೈದಾನದ ಪಡುವಣ ಕಡೆಯಿಂದ ಗಾಳಿ ಬೀಸುತ್ತಿರುತ್ತದೆ. ದೈಹಿಕ ಶಿಕ್ಷಣದ ಮೇಷ್ಟರು ವೇಳಾಪಟ್ಟಿಯಲ್ಲಿ ಒಂದು ಸಾಲು ತಿದ್ದಿದರೆ ಆಯಿತು. ಅದಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ಹಣವೂ ಬೇಕಿಲ್ಲ.